ಪದಚರ್ಚೆ: ಜೇನು ಕಚ್ಚಿ ಪಟ್ಟ ತಪ್ಪಿದ ಅರಸನ ಕೊರತೆಗೆ ‘ಊನ’ ಅನ್ನೋಣವೇ, ‘ಐಬು’ ಅನ್ನೋಣವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಐರ್ಲೆಂಡಿನ ಏಳನೇ ಶತಮಾನದ ಒಬ್ಬ ಅರಸನ ಬಗ್ಗೆ ಕನ್ನಡದಲ್ಲಿ ಒಂದು ಬರಹ ಮಾಡುತ್ತಿದ್ದೇನೆ. ಹೆಸರು ಕೊಂಗಲ್ ಕಾಯ್ಖ್. ಶಾಲೆಯ ಚರಿತ್ರೆಯಲ್ಲಿ ಬರುವಂಥ ಹೆಸರಲ್ಲ. ಹಳೆಯ ವಾರ್ಷಿಕ ದಾಖಲೆಗಳಲ್ಲಿ ಅವನಿಗೆ ಸಿಕ್ಕಿರುವುದು ಬೆರಳೆಣಿಕೆಯ ಸಾಲುಗಳು ಮಾತ್ರ. ಆದರೆ ಅಷ್ಟನ್ನು ಕನ್ನಡಕ್ಕೆ ತರುವಾಗಲೇ ಕೆಲವು ಪದಗಳು ಕಾಲಿಗೆ ತೊಡರುತ್ತಿವೆ. ಮುಖ್ಯವಾದದ್ದು ಒಂದು: ಮೈಯಲ್ಲಿ ಕೊರತೆ ಇದ್ದವನು ಅರಸನಾಗಬಾರದು ಎಂಬ ನಂಬಿಕೆಯಲ್ಲಿ ಆ ‘ಕೊರತೆ’ಗೆ ನಾವು ಏನು ಹೇಳಬೇಕು? ನನ್ನ ಒಲವು ‘ಐಬು’ ಕಡೆಗಿದೆ. ಯಾಕೆ ಅಂತ ಕೆಳಗೆ ಹೇಳಿದ್ದೇನೆ. ಸ್ವಲ್ಪ ಉದ್ದವಾಯಿತು, ಬಿಡುವಿದ್ದಾಗ ಓದಿ.

ಮೊದಲು ಆಸಾಮಿಯ ಪರಿಚಯ. ಐರ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಈಗಿನ ಆಂಟ್ರಿಮ್ ಮತ್ತು ಡೌನ್ ಕಡೆ, ಉಲದ್ ಎಂಬ ರಾಜ್ಯವಿತ್ತು. ಅಲ್‌ಸ್ಟರ್ ಎಂಬ ಈಗಿನ ಹೆಸರಿನ ಬೇರು ಅದೇ. ಅಲ್ಲಿನ ಕ್ರುಥಿನ್ ಜನರ ಡಾಲ್ ನರೈದಿ ಮನೆತನದಲ್ಲಿ ಕೊಂಗಲ್ ಹುಟ್ಟಿದ. 627ರ ಹೊತ್ತಿಗೆ ಇಡೀ ಉಲದ್ ಅವನ ಕೈಗೆ ಬಂತು. 628ರಲ್ಲಿ ಟಾರಾದ ಅರಸ ಸುಯಿವ್ನೆ ಮೆನ್‌ನನ್ನು ಕೊಂದ. ಟಾರಾ ಅಂದರೆ ಮೀತ್ ಪ್ರಾಂತ್ಯದ ಒಂದು ಗುಡ್ಡ. ಅದರ ಅರಸನಿಗೆ ಬೇರೆ ಅರಸರಿಗಿಂತ ಒಂದು ತೂಕ ಹೆಚ್ಚಿನ ಗೌರವ. (‘ತಾರಾ’ ಅಂತ ಬರೆದರೆ ಓದುವವರು ಯಾರೋ ಹೆಂಗಸಿನ ಹೆಸರು ಅಂದುಕೊಳ್ಳುತ್ತಾರೆ, ಅದಕ್ಕೇ ‘ಟಾರಾ’.) ಮಾರನೇ ವರ್ಷ ಡೂನ್ ಕೆಥಿರ್ನ್‌ನಲ್ಲಿ ಆಯ್ದ್‌ನ ಮಗ ಡೊಮ್ನಲ್ ಎಂಬವನ ಕೈಯಲ್ಲಿ ಕೊಂಗಲ್ ಸೋತ. 637ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೂ ಐರ್ಲೆಂಡಿನ ಈಶಾನ್ಯ ತುದಿಗೂ ಹರಡಿದ್ದ ಡಾಲ್ ರಿಯಾದ ರಾಜ್ಯದ ಅರಸ ಡೊಮ್ನಲ್ ಬ್ರೆಕ್‌ನನ್ನು ಜೊತೆ ಮಾಡಿಕೊಂಡು ಮತ್ತೆ ಅದೇ ಡೊಮ್ನಲ್ ಮೇಲೆ ಏರಿ ಹೋದ. ಹೌದು, ಇಬ್ಬರೂ ಡೊಮ್ನಲ್‌ಗಳೇ, ಏನು ಮಾಡೋದು. ಮಾಗ್ ರಾಥ್ ಎಂಬಲ್ಲಿ ಯುದ್ಧವಾಯಿತು. ಇಂದಿನ ಮೊಯ್ರಾ ಊರೇ ಅದು ಅಂತ ವಾಡಿಕೆ. ಕೊಂಗಲ್ ಅಲ್ಲೇ ಸತ್ತ. ಗೆದ್ದ ಡೊಮ್ನಲ್ 642ರಲ್ಲಿ ತೀರಿಕೊಂಡಾಗ ದಾಖಲೆ ಬರೆದವರು ಅವನನ್ನು ‘ಐರ್ಲೆಂಡಿನ ಅರಸ’ ಅಂತಲೇ ಕರೆದರು.

ಇಷ್ಟೇ ಆಗಿದ್ದರೆ ಇವನ ತಂಟೆಗೆ ನಾನು ಹೋಗುತ್ತಿರಲಿಲ್ಲ. ಇವನ ಹೆಸರು ಯುದ್ಧದ ಕಥೆಗಳಲ್ಲದೆ ಒಂದು ಕಾನೂನು ಗ್ರಂಥದಲ್ಲೂ ಬರುತ್ತದೆ. ಅದೂ ಜೇನು ಸಾಕಣೆಯ ಕಾನೂನು! ಗ್ರಂಥದ ಹೆಸರು ಬೆಖ್‌ವ್ರೆಥಾ, ಅಂದರೆ ‘ಜೇನಿನ ತೀರ್ಪುಗಳು’. ಏಳನೇ ಶತಮಾನದ ಮಧ್ಯಭಾಗದ್ದು, ಕೊಂಗಲ್‌ನನ್ನು ಕಂಡವರು ಇನ್ನೂ ಬದುಕಿದ್ದ ಕಾಲ. ಜೇನುಹುಳ ಮನುಷ್ಯನ ಕಣ್ಣು ಕಳೆದರೆ ಏನು ದಂಡ ಎಂಬ ಮಾತು ಬಂದಾಗ ಅದು ಹೇಳುವ ತಾತ್ಪರ್ಯ ಹೀಗಿದೆ: ಜೇನಿನ ತಪ್ಪಿನ ಮೇಲೆ ಮೊದಲ ತೀರ್ಪು ಆಗಿದ್ದು ಕೊಂಗಲ್ ಕಾಯ್ಖ್ ವಿಷಯದಲ್ಲಿ, ಜೇನು ಅವನ ಕಣ್ಣು ಕಳೆದವು, ಅವನು ಟಾರಾದ ಅರಸನಾಗಿದ್ದ, ಅದು ಅವನ ಪಟ್ಟ ತಪ್ಪಿಸುವವರೆಗೆ.

ಕೊನೆಯ ತುಂಡಿಗೆ ನಮ್ಮ ‘ಪಟ್ಟ ತಪ್ಪಿಸು’ ಅಚ್ಚುಕಟ್ಟಾಗಿ ಕೂರುತ್ತದೆ ಅಲ್ವಾ? ಮೂಲದಲ್ಲೂ ಯಾರೋ ಅವನನ್ನು ಇಳಿಸಿದರು ಅಂತಿಲ್ಲ. ಕಣ್ಣು ಹೋದದ್ದೇ ಅವನನ್ನು ಆಳ್ವಿಕೆಯಿಂದ ಹೊರಗೆ ಹಾಕಿತು ಅಂತಿದೆ. ‘ಪದಚ್ಯುತಗೊಳಿಸಲಾಯಿತು’ ಅಂತ ಬರೆದರೆ ಆ ಗುಣ ಹೋಗಿ ಸರ್ಕಾರಿ ಆದೇಶದ ವಾಸನೆ ಬರುತ್ತದೆ.

ಈಗ ‘ಕಾಯ್ಖ್’. ಈ ಪದ ಲ್ಯಾಟಿನ್‌ನ ‘ಕೈಕುಸ್’ ಎಂಬುದರ ನೆಂಟ. ಲ್ಯಾಟಿನ್‌ನಲ್ಲಿ ಅದಕ್ಕೆ ‘ಕುರುಡ’ ಅಂತ ಅರ್ಥ. ಹಳೆಯ ಐರಿಷ್‌ನಲ್ಲಿ ಒಂದು ಕಣ್ಣು ಹೋದವನಿಗೂ ಇದೇ ಮಾತು. ಎರಡೂ ಕಣ್ಣು ಇಲ್ಲದವನಿಗೆ ‘ದಲ್’ ಎಂಬ ಬೇರೆ ಪದವಿದೆ. ಸಂಸ್ಕೃತದ ‘ಕೇಕರ’, ಅಂದರೆ ಮೆಳ್ಳೆಗಣ್ಣಿನವನು, ಇದೇ ಕುಟುಂಬಕ್ಕೆ ಸೇರಿದ್ದು ಅಂತ ನಿಘಂಟುಕಾರರು ಹೇಳುತ್ತಾರೆ. ಕೊಂಗಲ್‌ನಿಗೆ ‘ಕ್ಲೈನ್’ ಎಂಬ ಇನ್ನೊಂದು ಅಡ್ಡಹೆಸರೂ ಇದೆ. ಅದರ ಅರ್ಥ ಓರೆ, ಡೊಂಕು, ವಾಲಿದ್ದು. ಮೆಳ್ಳೆಗಣ್ಣಿಗೂ ಆಗುತ್ತದೆ, ನೆಟ್ಟಗಿಲ್ಲದ ನಡತೆಗೂ ಆಗುತ್ತದೆ. ಹಾಗಾಗಿ ಯುದ್ಧದ ಕಥೆ ಕಟ್ಟಿದವರಿಗೆ ಈ ಹೆಸರು ಬಹಳ ಅನುಕೂಲವಾಯಿತು. ತನ್ನನ್ನು ಸಾಕಿದ ಡೊಮ್ನಲ್ ಮೇಲೆಯೇ ತಿರುಗಿ ಬಿದ್ದ ‘ವಕ್ರ’ ಕೊಂಗಲ್ ಅಂತ ಬೈದಂತೆಯೂ ಆಯಿತು, ಕಣ್ಣಿನ ವಿಷಯ ಹೇಳಿದಂತೆಯೂ ಆಯಿತು.

ಕನ್ನಡದಲ್ಲಿ ‘ಒಕ್ಕಣ್ಣ’ ಕೈಗೆಟಕುವಂತೆಯೇ ಇದೆ. ಮುಕ್ಕಣ್ಣ ಇದ್ದಹಾಗೆ ಒಕ್ಕಣ್ಣ. ‘ಒಕ್ಕಣ್ಣ ಕೊಂಗಲ್’ ಅಂದರೆ ಓದುವವರಿಗೆ ತಕ್ಷಣ ಹೊಳೆಯುತ್ತದೆ. ತೊಂದರೆ ಏನೆಂದರೆ ಈ ಪದದ ಜೊತೆ ಶುಕ್ರಾಚಾರ್ಯರೂ ಬಂದು ಕೂರುತ್ತಾರೆ. ಗಿಂಡಿಯ ಬಾಯಿ, ದರ್ಭೆ, ವಾಮನ, ಎಲ್ಲ ನೆನಪಾಗುತ್ತದೆ. ಅದರ ಹಿಂದೆಯೇ ಅಪಶಕುನದ ಮಾತು, ಗೇಲಿ. ಐರ್ಲೆಂಡಿನಲ್ಲಿ ‘ಕಾಯ್ಖ್’ ಅಷ್ಟು ಕಹಿಯಾದ ಮಾತಲ್ಲ. 927ರಲ್ಲಿ ಸತ್ತ ಡಬ್ಲಿನ್ ಮತ್ತು ಯಾರ್ಕ್‌ನ ವೈಕಿಂಗ್ ಅರಸ ಸಿಟ್ರಿಕ್‌ಗೂ ಇದೇ ಅಡ್ಡಹೆಸರು. ಒಂದೇ ಹೆಸರಿನವರು ತುಂಬ ಜನ ಇದ್ದ ಕಾಲದಲ್ಲಿ ಯಾರು ಅಂತ ಗುರುತಿಸಲು ಕುಂಟ, ಕರಿಯ, ಉದ್ದ ಅಂತ ಸೇರಿಸಿದಹಾಗೆ.

‘ಒಂಟಿಗಣ್ಣ’ ಹೇಗೆ? ಇದರ ಪರವಾಗಿ ಒಂದು ಮಾತಿದೆ. ಐರಿಷ್‌ನಲ್ಲಿ ಜೋಡಿಯಾಗಿರುವ ಅಂಗದಲ್ಲಿ ಒಂದನ್ನು ಹೇಳಬೇಕಾದರೆ ‘ಅರ್ಧ’ ಅನ್ನುತ್ತಾರೆ. ಒಂದು ಕಣ್ಣು ಅಂದರೆ ‘ಅರೆಗಣ್ಣು’, ಒಂದು ಕೈ ಅಂದರೆ ‘ಅರೆಗೈ’. ಜೋಡಿಯೇ ಪೂರ್ತಿ, ಒಂದು ಅದರ ಅರ್ಧ, ಇದು ಅವರ ಲೆಕ್ಕ. ನಮ್ಮ ‘ಒಂಟಿ’ಯಲ್ಲೂ ಜೋಡಿ ತಪ್ಪಿದ್ದು ಎಂಬ ಅರ್ಥ ಇದೆಯಲ್ಲ: ಒಂಟಿ ಚಪ್ಪಲಿ, ಒಂಟಿ ಓಲೆ, ಒಂಟಿ ಕಾಲಲ್ಲಿ ನಿಲ್ಲುವುದು. ‘ಒಕ್ಕಣ್ಣ’ನಲ್ಲಿ ಎಣಿಕೆ ಇದೆ, ‘ಒಂಟಿಗಣ್ಣ’ನಲ್ಲಿ ಕಳೆದುಕೊಂಡಿದ್ದು ಇದೆ. ಆದರೂ ಹೆಸರಿನ ಮುಂದೆ ಇಟ್ಟು ಕೂಗಿ ನೋಡಿದರೆ ‘ಒಕ್ಕಣ್ಣ ಕೊಂಗಲ್’ ನಾಲಿಗೆಗೆ ಹಗುರ. ಅಡ್ಡಹೆಸರಿಗೆ ಒಕ್ಕಣ್ಣ ಅಂತಲೇ ಇಟ್ಟುಕೊಂಡು, ಕಣ್ಣು ಹೋದ ಪ್ರಸಂಗ ಹೇಳುವಾಗ ಒಂಟಿಗಣ್ಣು ಅನ್ನೋಣ ಅಂತಿದ್ದೇನೆ.

ಇನ್ನು ಮುಖ್ಯ ಪದ. ಮೈಯಲ್ಲಿನ ಇಂಥ ಕೊರತೆಗೆ ಐರಿಷ್ ಕಾನೂನಿನ ಮಾತು ‘ಅನಿಮ್’. ಇದು ಇದ್ದವನು ಅರಸನಾಗಿ ಉಳಿಯುವ ಹಾಗಿಲ್ಲ. ಧೃತರಾಷ್ಟ್ರನಿಗೆ ಪಟ್ಟ ತಪ್ಪಿದ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದರೆ ಕುರುಡನಿಗೆ ರಾಜ್ಯಭಾರ ಕಷ್ಟ ಎಂಬ ವ್ಯಾವಹಾರಿಕ ಕಾರಣವನ್ನಾದರೂ ಅಲ್ಲಿ ಕೊಡಬಹುದು. ಐರ್ಲೆಂಡಿನ ‘ಅನಿಮ್’ ಕೆಲಸ ಕೆಡುವ ಪ್ರಶ್ನೆ ಅಲ್ಲ, ಮುಖದ ಪ್ರಶ್ನೆ. ಇದಕ್ಕೆ ಅದೇ ಉಲದ್‌ನ ಒಂದು ಹಳೆಯ ಕಥೆ ನೋಡಿ. ಇದನ್ನು ಉಳಿಸಿದ್ದೂ ಕಾನೂನಿನವರೇ. ಅರಸ ಫೆರ್ಗುಸ್ ಮಾಕ್ ಲೇತಿ ನೀರಿನಡಿ ಒಂದು ಭಯಂಕರ ಜಂತುವನ್ನು ಕಂಡು ಹೆದರಿ, ಅವನ ಬಾಯಿ ಸೊಟ್ಟಗಾಗಿ ತಲೆಯ ಹಿಂಭಾಗಕ್ಕೆ ತಿರುಗಿಕೊಂಡಿತು. ಹಿರಿಯರು ಸೇರಿ ಯೋಚನೆ ಮಾಡಿದರು. ಬೇರೆ ಅರಸನನ್ನು ತರಲು ಅವರಿಗೆ ಮನಸ್ಸಿಲ್ಲ. ಅದಕ್ಕೆ ಬಾಯಿಬಡುಕರನ್ನೆಲ್ಲ ಅರಮನೆಯಿಂದ ಆಚೆ ಹಾಕಿದರು. ತಲೆ ತೊಳೆಯುವಾಗ ನೀರಿನಲ್ಲಿ ತನ್ನ ನೆರಳು ಕಾಣದಿರಲಿ ಅಂತ ಅವನನ್ನು ಅಂಗಾತ ಮಲಗಿಸಿ ತೊಳೆದರು. ಹೀಗೇ ಏಳು ವರ್ಷ ನಡೆಯಿತು. ಕೊನೆಗೆ ಒಂದು ದಿನ ತಲೆ ತೊಳೆಯಲು ತಡ ಮಾಡಿದ ದಾಸಿಗೆ ಅವನು ಚಾವಟಿಯಿಂದ ಹೊಡೆದ. ಅವಳು ಸಿಟ್ಟಿನಲ್ಲಿ ಅವನ ಮುಖಕ್ಕೇ ನಿಜ ಹೇಳಿಬಿಟ್ಟಳು.

ಏಳು ವರ್ಷ ಅವನ ಆಳ್ವಿಕೆಗೆ ಏನೂ ಅಡ್ಡಿಯಾಗಿರಲಿಲ್ಲ, ಗಮನಿಸಿ. ಕೊರತೆ ಬಯಲಾಗದಿದ್ದರೆ ಸಾಕಾಗಿತ್ತು. ಹಾಗಾಗಿ ‘ಊನ’ ಇಲ್ಲಿ ತೂಕ ಸಾಲದು ಅನ್ನಿಸುತ್ತದೆ. ಊನ ಅಂದರೆ ಏನೋ ಕಡಿಮೆ ಇದೆ ಅಷ್ಟೇ. ‘ಕಳಂಕ’ ಬರೀ ಹೆಸರಿಗೆ ಅಂಟುತ್ತದೆ, ಕಣ್ಣಿಗೆ ಅಂಟುವುದಿಲ್ಲ. ‘ನ್ಯೂನತೆ’ ವರದಿಗಳ ಭಾಷೆ. ‘ಅಂಗವಿಕಲ’ ಎಂಬ ಇಂದಿನ ಮಾತನ್ನು ಆ ಕಾಲಕ್ಕೆ ಎಳೆದು ತಂದರೆ ಅವರ ನಂಬಿಕೆಯ ಕ್ರೌರ್ಯ ಮುಚ್ಚಿಹೋಗುತ್ತದೆ.

‘ಐಬು’ ಅರಬ್ಬಿಯಿಂದ ಉರ್ದು ಹಾದು ಬಂದ ಪದ, ಗೊತ್ತು. ಆದರೆ ನಮ್ಮ ಜನ ಅದನ್ನು ಎಲ್ಲಿ ಬಳಸುತ್ತಾರೆ ನೋಡಿ. ಕಾಲು ಐಬು, ಕೈ ಐಬು ಅನ್ನುತ್ತಾರೆ. ದನ ಕೊಳ್ಳುವಾಗ ಏನಾದರೂ ಐಬಿದೆಯಾ ಅಂತ ಸುಳಿ, ಹಲ್ಲು ನೋಡುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಕೇಳುವುದು ಸಂಬಂಧ ಕುದುರಿಸುವಾಗ: ‘ಹುಡುಗನಿಗೆ ಏನೂ ಐಬಿಲ್ಲ ತಾನೇ?’ ಅಲ್ಲಿ ಐಬು ಅಂದರೆ ಮೈಯದೂ ಹೌದು, ಮನೆತನದ್ದೂ ಹೌದು. ಮುಚ್ಚಿಟ್ಟರೆ ಮದುವೆ ನಡೆಯುತ್ತದೆ, ಬಯಲಾದರೆ ಮುರಿಯುತ್ತದೆ.

ಈ ಮದುವೆಯ ಮಾತನ್ನು ಸುಮ್ನೆ ತಂದಿಲ್ಲ. ಐರ್ಲೆಂಡಿನಲ್ಲಿ ಅರಸನಾಗುವುದು ಅಂದರೆ ನೆಲವನ್ನು ಮದುವೆಯಾಗುವುದು. ಪಟ್ಟದ ಸಮಾರಂಭಕ್ಕೆ ಅವರು ಹೇಳುತ್ತಿದ್ದದ್ದು ‘ಬನಶ್ ರೀಗಿ’, ಅಂದರೆ ಅರಸುತನದ ಮದುವೆಯೂಟ. ‘ಬನಶ್’ ಇವತ್ತಿಗೂ ಐರಿಷ್‌ನಲ್ಲಿ ಮದುವೆಯ ಔತಣಕ್ಕೆ ಇರುವ ಮಾತು. ಟಾರಾದ ದೊಡ್ಡ ಉತ್ಸವದ ಹೆಸರಿನಲ್ಲಿರುವ ‘ಫೆಶ್’ ಎಂಬ ಪದಕ್ಕೂ ಮೂಲದಲ್ಲಿ ರಾತ್ರಿ ಕಳೆಯುವುದು ಅಂತಲೇ ಅರ್ಥ. ಕ್ರೈಸ್ತ ಧರ್ಮ ಬೇರೂರಿದ ಮೇಲೆ, ಆರನೇ ಶತಮಾನದ ಡಿಯರ್‌ಮಟ್ ಎಂಬ ಅರಸನ ಕಾಲಕ್ಕೆ, ಆ ಉತ್ಸವ ನಿಂತಿತು. ಅಂದರೆ ಕೊಂಗಲ್ ಅದನ್ನು ನೋಡಿಯೇ ಇಲ್ಲ. ನಂಬಿಕೆ ಮಾತ್ರ ಉಳಿದಿತ್ತು. ಅರಸ ಸರಿಯಾಗಿದ್ದರೆ ಬೆಳೆ, ಹೈನು, ಮೀನು ಎಲ್ಲ ಸರಿ. ಗಂಡಿನಲ್ಲಿ ಐಬಿದ್ದರೆ ನೆಲವೆಂಬ ಹೆಣ್ಣು ಅವನ ಜೊತೆ ಬಾಳುವುದಿಲ್ಲ. ‘ಭೂಪತಿ’ ಎಂಬ ಪದ ನಮ್ಮಲ್ಲಿ ಬರೀ ಪದ್ಯಕ್ಕೆ ಒದಗುವ ಅಲಂಕಾರವಾಗಿ ಸವೆದುಹೋಗಿದೆ. ಟಾರಾದ ಅರಸನಿಗೆ ಅದು ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಇಂಥ ಭೂಪತಿಗೆ ಇರಬಾರದ್ದು ಯಾವುದು ಅಂದರೆ ನನಗಂತೂ ‘ಐಬು’ ಬಿಟ್ಟು ಬೇರೆ ಹೊಳೆಯುತ್ತಿಲ್ಲ.

ಒಂದು ಆಕ್ಷೇಪ ನೀವೇ ಎತ್ತುತ್ತೀರಿ: ಐಬು ಇದ್ದವನು ಅರಸನಾಗಬಾರದು ಅಂದಮೇಲೆ ಕೊಂಗಲ್ 637ರವರೆಗೆ ಉಲದ್ ಆಳಿದ್ದು ಹೇಗೆ? ಟಾರಾದ ಅರಸರ ಪಟ್ಟಿಗಳಲ್ಲಂತೂ ಅವನ ಹೆಸರೇ ಇಲ್ಲ. ಆ ಪಟ್ಟಿಗಳನ್ನು ತಿದ್ದಿ ತೀಡಿದವರು ಅವನನ್ನು ಸೋಲಿಸಿದ ಡೊಮ್ನಲ್ ಹುಟ್ಟಿದ ‘ಈ ನೇಲ್’ ಎಂಬ ವಂಶದ ಕಡೆಯವರು, ಅದೂ ಬಹಳ ಕಾಲದ ಮೇಲೆ. ನನಗೆ ಕಾಣುವಂತೆ ಅವನಿಗೆ ಟಾರಾ ತಪ್ಪಿದ್ದು ಜೇನಿನಿಂದಲ್ಲ, ಡೂನ್ ಕೆಥಿರ್ನ್‌ನ ಸೋಲಿನಿಂದ. ಕಣ್ಣಿನ ಕಾರಣ ಗೆದ್ದವರಿಗೆ ಸಲೀಸಾಗಿತ್ತು. ಆದರೆ ಕಾನೂನು ಬರೆದವರು ಒಂದು ತಲೆಮಾರಿನೊಳಗೆ ಈ ಕಾರಣವನ್ನು ಯಾವ ಅನುಮಾನವೂ ಇಲ್ಲದೆ ಬರೆದಿಟ್ಟರು. ಓದುವವರೆಲ್ಲ ಒಪ್ಪುತ್ತಾರೆ ಎಂಬ ಧೈರ್ಯ ಅವರಿಗಿತ್ತು ಅಂತಾಯಿತಲ್ಲ.

‘ಅರಸ’ ಎಂಬ ಪದದ ಬಗ್ಗೆಯೂ ಒಂದಿಷ್ಟು. ಐರಿಷ್ ಪದ ‘ರೀ’. ನಮ್ಮ ಮನೆಗಳಲ್ಲಿ ಗಂಡನನ್ನು ಕರೆಯುವ ‘ರೀ’ ಅಲ್ಲ! ಲ್ಯಾಟಿನ್‌ನ ‘ರೆಕ್ಸ್’, ಸಂಸ್ಕೃತದ ‘ರಾಜನ್’ ಇವುಗಳ ಒಡಹುಟ್ಟು. ಹಾಗಾದರೆ ‘ರಾಜ’ ಅಂದರೆ ಮುಗಿಯಿತಲ್ಲ ಅನ್ನಬಹುದು. ಆದರೆ ‘ರಾಜ’ ಅಂದಕೂಡಲೇ ಆನೆ, ಛತ್ರ, ದೊಡ್ಡ ಊರು ಕಣ್ಣ ಮುಂದೆ ಬರುತ್ತವೆ. ಆ ದ್ವೀಪದಲ್ಲಿ ಒಂದೇ ಹೊತ್ತಿಗೆ ನೂರಕ್ಕೂ ಹೆಚ್ಚು ‘ರೀ’ಗಳಿದ್ದರು. ಊರು, ಪೇಟೆ ಎಂಬುದೇ ಇರಲಿಲ್ಲ, ಸಂಪತ್ತು ಅಂದರೆ ಹಸು. ಒಬ್ಬೊಬ್ಬ ರೀಗೂ ಒಂದೊಂದು ‘ತೂಅಥ್’. ತೂಅಥ್ ಅಂದರೆ ನೆಲವೂ ಹೌದು, ಅಲ್ಲಿನ ಜನವೂ ಹೌದು. ‘ನಾಡಿಗೆ ನಾಡೇ ಎದ್ದು ನಿಂತಿತು’ ಅನ್ನುವಾಗ ನಮ್ಮ ‘ನಾಡು’ ಇದೇ ಎರಡೂ ಕೆಲಸ ಮಾಡುತ್ತದೆ. ಹಾಗಾಗಿ ತೂಅಥ್‌ಗೆ ನಾಡು, ಅದರ ರೀಗೆ ನಾಡರಸ. ಹಲವು ನಾಡರಸರ ಮೇಲಿನವನಿಗೆ ಹಿರಿಯರಸ. ಕೊಂಗಲ್ ತನ್ನ ಜನಕ್ಕೆ ಅರಸ, ಉಲದ್‌ಗೆ ಹಿರಿಯರಸ.

‘ಸಾಮಂತ’ ಬೇಡ ಅಂತ ನನ್ನ ವಾದ. ಈ ಪದ ಮೊದಲು ಪಕ್ಕದ ಅರಸನಿಗೆ ಹೇಳುತ್ತಿದ್ದದ್ದು, ಆಮೇಲೆ ಅಡಿಯಾಳು ಅರಸನಿಗೆ ನಿಂತಿತು. ಅದರಲ್ಲಿ ಮೇಲಿನವನು ಕೊಟ್ಟ ಅಧಿಕಾರದ ನೆರಳಿದೆ. ಐರ್ಲೆಂಡಿನ ನಾಡರಸನಿಗೆ ಅಧಿಕಾರ ಬಂದದ್ದು ತನ್ನ ಜನರಿಂದ. ಅವನು ಮೇಲಿನವನಿಗೆ ಒತ್ತೆಯಾಳು ಕೊಡುತ್ತಿದ್ದ, ಉಡುಗೊರೆ ಪಡೆಯುತ್ತಿದ್ದ, ಸಮಯ ಸಿಕ್ಕರೆ ತಿರುಗಿ ಬೀಳುತ್ತಿದ್ದ. ‘ಪಾಳೇಗಾರ’ ಹತ್ತಿರ ಬರುತ್ತದೆ. ಆದರೆ ಅದು ಬೇರೆ ಕಾಲದ, ಬೇರೆ ಬಣ್ಣದ ಪದ.

ಇಂಥ ಅರಸನ ವಾರ ಹೇಗಿರಬೇಕು ಅಂತ ಸುಮಾರು 700ರ ಇನ್ನೊಂದು ಕಾನೂನು ಗ್ರಂಥ ಹೇಳುತ್ತದೆ. ಭಾನುವಾರ ಬಿಯರ್ ಕುಡಿಯಲು, ಭಾನುವಾರ ಕುಡಿಸದವನು ಅರಸನೇ ಅಲ್ಲ. ಸೋಮವಾರ ನಾಡುಗಳ ನಡುವಿನ ವ್ಯಾಜ್ಯ. ಮಂಗಳವಾರ ‘ಫಿದ್‌ಖೆಲ್’ ಆಟ. ಬುಧವಾರ ಬೇಟೆನಾಯಿಗಳ ಓಟ ನೋಡುವುದು. ಗುರುವಾರ ಹೆಂಡತಿಯ ಜೊತೆ. ಶುಕ್ರವಾರ ಕುದುರೆ ಓಟ. ಶನಿವಾರ ತೀರ್ಪು. ಬರೆದವರು ನಗುತ್ತಾ ಬರೆದರೋ ಗಂಭೀರವಾಗಿ ಬರೆದರೋ, ಅರಸನ ಕೆಲಸ ಎಷ್ಟು ಅಂತ ಇದರಿಂದ ಅಂದಾಜು ಸಿಗುತ್ತದೆ. ಮಂಗಳವಾರದ ಆಟ ನಮಗೆ ಬೇಕು. ಕಥೆಯ ಪ್ರಕಾರ ಸುಯಿವ್ನೆ ಮೆನ್ ಕೋಟೆಯ ಮುಂದೆ ಫಿದ್‌ಖೆಲ್ ಆಡುತ್ತಾ ಕೂತಿದ್ದಾಗ ಕೊಂಗಲ್ ಹೋಗಿ ಈಟಿಯಿಂದ ತಿವಿದ. ಇದನ್ನು ‘ಚದುರಂಗ’ ಅಂದರೆ ತಪ್ಪಾಗುತ್ತದೆ, ಚದುರಂಗ ಆ ಕಾಲಕ್ಕೆ ಅಲ್ಲಿಗೆ ಹೋಗಿರಲಿಲ್ಲ. ‘ಪಗಡೆ’ಗೆ ದಾಳ ಬೇಕು. ಫಿದ್‌ಖೆಲ್ ಅಂದರೆ ಮರ ಮತ್ತು ಬುದ್ಧಿ ಸೇರಿದ ಪದ. ಚೆನ್ನೆಮಣೆ, ಅಳಗುಳಿಮಣೆ ಇರುವ ನಮಗೆ ‘ಮಣೆಯಾಟ’ ಸಾಕು ಅನ್ನಿಸುತ್ತದೆ.

‘ಸಾಕುತಂದೆ’ ಕೂಡ ಕಿರಿಕಿರಿ ಮಾಡುತ್ತಿದೆ. ಕೆಲವು ಶತಮಾನ ಕಳೆದು ಹುಟ್ಟಿದ ‘ಹೆಬ್ಬಾತುಗಳ ಕೋಟೆಯ ಔತಣ’ ಎಂಬ ಕಥೆಯಲ್ಲಿ ಕೊಂಗಲ್ ಡೊಮ್ನಲ್‌ನ ಮನೆಯಲ್ಲೇ ಬೆಳೆದವನು, ಜೇನು ಕಚ್ಚಿದ್ದೂ ಆ ಮನೆಯಲ್ಲೇ. ಔತಣದಲ್ಲಿ ಅವನ ಮುಂದೆ ಬೆಳ್ಳಿ ತಟ್ಟೆಯಲ್ಲಿದ್ದ ಹೆಬ್ಬಾತಿನ ಮೊಟ್ಟೆ ಮರದ ತಟ್ಟೆಯ ಕೋಳಿಮೊಟ್ಟೆಯಾಗಿ ಬದಲಾಗುತ್ತದೆ. ಅವಮಾನವಾಯಿತು ಅಂತ ಎದ್ದು ಹೋಗುತ್ತಾನೆ, ಯುದ್ಧ ಶುರುವಾಗುತ್ತದೆ. ಅಲ್ಲಿ ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಯಲು ಬಿಡುವುದು ಎಲ್ಲ ದೊಡ್ಡ ಮನೆತನಗಳ ರೂಢಿ. ಗಡುವು ಮುಗಿದ ಮೇಲೆ ಮಗ ಅಪ್ಪನ ಮನೆಗೆ ವಾಪಸ್. ನಮ್ಮ ‘ಸಾಕುಮಗ’ ಅಂದರೆ ತಬ್ಬಲಿ ಅಥವಾ ದತ್ತು ಅನ್ನುವ ಛಾಯೆ ಬರುತ್ತದೆ. ಸದ್ಯಕ್ಕೆ ‘ಬೆಳೆಸಿದ ತಂದೆ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಭಾಷೆಯ ಬಳಗ ಆದ್ದರಿಂದ ಇದೊಂದನ್ನು ಬಿಡಲು ಮನಸ್ಸಿಲ್ಲ. ಅದೇ ಮಾಗ್ ರಾಥ್ ಯುದ್ಧದಲ್ಲಿ ಕೆನ್ ಫೈಲದ್ ಎಂಬವನ ತಲೆಗೆ ಏಟು ಬಿದ್ದು ‘ಮರೆವಿನ ಮಿದುಳು’ ಹೊರಗೆ ಬಂತಂತೆ. ಆಮೇಲೆ ಕೇಳಿದ್ದು ಯಾವುದೂ ಮರೆಯಲಿಲ್ಲ. ಲ್ಯಾಟಿನ್, ಕಾನೂನು, ಕಾವ್ಯ, ಮೂರು ಪಾಠಶಾಲೆಗಳ ನಡುವಿನ ಮನೆಯಲ್ಲಿ ಗಾಯ ಮಾಗುವವರೆಗೆ ಇದ್ದು ಮೂರನ್ನೂ ಕಲಿತ. ಐರಿಷ್ ವ್ಯಾಕರಣದ ಹಳೆಯ ಗ್ರಂಥಕ್ಕೆ ಅವನ ಹೆಸರನ್ನೂ ಸೇರಿಸುತ್ತಾರೆ. ನಮ್ಮ ‘ಮರೆಗುಳಿ’ಗೆ ವಿರುದ್ಧ ಪದ ಬೇಕಾದರೆ ಇವನನ್ನು ನೆನೆಯಬಹುದು.

ಕೊನೆಯದಾಗಿ ಜೇನಿನ ಪದಗಳು. ಇಲ್ಲಿ ಶಿರಸಿ, ಪುತ್ತೂರು, ಕೊಡಗಿನ ಕಡೆಯವರ ಸಹಾಯ ಬೇಕು. ಮೊದಲು ಹೇಳಿದ ಜೇನಿನ ಕಾನೂನು ಗ್ರಂಥ ಜೇನನ್ನು ದನಕರುವಿನ ಲೆಕ್ಕದಲ್ಲೇ ನೋಡುತ್ತದೆ. ನಿಮ್ಮ ಜೇನು ನನ್ನ ಹೊಲದ ಹೂವಿಗೆ ಬಂದರೆ ಅದು ಮೇಯಲು ನುಗ್ಗಿದಂತೆ. ಮೊದಲ ಮೂರು ವರ್ಷ ವಿನಾಯಿತಿ. ಆಮೇಲೆ ಎದ್ದ ಹೊಸ ಗುಂಪುಗಳಲ್ಲಿ ಸುತ್ತಲ ನಾಲ್ಕು ಹೊಲದವರಿಗೂ ಹಕ್ಕು. ರಾಣಿಯ ಜೊತೆ ಗುಂಪು ಎದ್ದು ಹೊರಡುವುದಕ್ಕೆ ‘ಪಾಲಾಗುವುದು’ ಅನ್ನುವುದನ್ನು ಕೇಳಿದ್ದೇನೆ. ಆ ಪದ ಇಲ್ಲಿ ಎರಡು ಅರ್ಥದಲ್ಲೂ ಒಪ್ಪುತ್ತದೆ. ನಿಮ್ಮ ಕಡೆ ಬೇರೆ ಮಾತಿದೆಯಾ?

ಜೇನು ಕಚ್ಚಿದವನಿಗೆ ಪರಿಹಾರ ಹೊಟ್ಟೆ ತುಂಬ ಜೇನುತುಪ್ಪ. ಆದರೆ ಕಚ್ಚಿದ ಹುಳವನ್ನು ಅವನು ಹೊಸಕಿ ಹಾಕಿದ್ದರೆ ಅಲ್ಲಿಗೆ ಲೆಕ್ಕ ಚುಕ್ತಾ. ಕಣ್ಣು ಹೋದರೆ ಮಾತ್ರ ಒಂದು ಇಡೀ ಗೂಡನ್ನೇ ಕೊಡಬೇಕು. ಯಾವ ಗೂಡಿನ ಹುಳ ಅಂತ ಹೇಗೆ ಗೊತ್ತಾಗಬೇಕು? ಚೀಟಿ ಎತ್ತುವ ಹಾಗೆ ಎಲ್ಲ ಗೂಡುಗಳ ಮೇಲೆ ಅದೃಷ್ಟ ನೋಡಿ ಒಂದನ್ನು ಆರಿಸುತ್ತಿದ್ದರು. ಔತಣದ ಕಥೆಯಲ್ಲಿ ಮಾತ್ರ ಇದು ಇನ್ನೂ ಬಿಗಿಯಾಗುತ್ತದೆ. ಉಲದ್‌ನವರು ಕಣ್ಣಿಗೆ ಕಣ್ಣು ಅಂತ ಡೊಮ್ನಲ್‌ನ ಮಗನ ಕಣ್ಣು ಕೇಳುತ್ತಾರೆ. ಡೊಮ್ನಲ್ ಇಡೀ ಹಿಂಡನ್ನೇ ಕೊಲ್ಲಿಸುತ್ತಾನೆ, ತಪ್ಪು ಮಾಡಿದ ಹುಳವೂ ಅದರಲ್ಲಿ ಸತ್ತಿರುತ್ತದೆ ಎಂಬ ಲೆಕ್ಕದಲ್ಲಿ.

ನನ್ನ ತೊಡಕು ಇರುವುದು ಆ ‘ಗೂಡು’ ಎಂಬಲ್ಲಿ. ಮೂಲದ ಪದ ‘ಲೆಸ್ತರ್’, ಅಂದರೆ ಪಾತ್ರೆ. ‘ಪೆಟ್ಟಿಗೆ’ ಅಂತ ಬರೆಯುವಂತಿಲ್ಲ, ಚೌಕಟ್ಟು ಎತ್ತಿ ಇಡುವ ಪೆಟ್ಟಿಗೆ ಬಂದದ್ದು 19ನೇ ಶತಮಾನದಲ್ಲಿ. ‘ಹುಟ್ಟಿ’ ಅಂದರೆ ಹುಳ ಕಟ್ಟಿದ್ದು, ಮನುಷ್ಯ ಇಟ್ಟದ್ದಲ್ಲ. ಪೆಟ್ಟಿಗೆ ಬರುವ ಮುಂಚೆ ನಮ್ಮಲ್ಲಿ ಮಡಕೆಯಲ್ಲಿ, ಪೊಳ್ಳು ಮರದ ತುಂಡಿನಲ್ಲಿ ತುಡುವೆ ಜೇನು ಕೂರಿಸುತ್ತಿದ್ದರಲ್ಲ, ಅದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಊರಿನ ಹೆಸರಿನ ಜೊತೆ ಬರೆದರೆ ಒಳ್ಳೆಯದು. ‘ಜೇನು ಕಚ್ಚಿತು’, ‘ಕಡಿಯಿತು’, ‘ಹೊಡೆಯಿತು’, ಇವುಗಳಲ್ಲಿ ನಿಮ್ಮ ಕಡೆ ಒಂದೇ ಹುಳಕ್ಕೆ ಯಾವುದು, ಹಿಂಡಿಗೆ ಯಾವುದು ಎಂಬುದನ್ನೂ ತಿಳಿಸಿ. ಕೊಂಗಲ್‌ನ ಕಣ್ಣು ಕಳೆದದ್ದು ಕಾನೂನಿನ ಪ್ರಕಾರ ಹಲವು ಹುಳ, ಕಥೆಯ ಪ್ರಕಾರ ಒಂದೇ ಹುಳ. ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಸಿಕ್ಕರೆ ನನ್ನ ಕೆಲಸ ಹಗುರವಾಗುತ್ತದೆ.